ಶಾರ್ವರಿ ಸಂವತ್ಸರದ ಜಮಾ-ಖರ್ಚು

ಯುಗಾದಿಯ ದಿನ ಹಳೆಯ ಲೆಕ್ಕದ ಪುಸ್ತಕವನ್ನು ಮುಚ್ಚಿ, ಹೊಸ ಪುಸ್ತಕದ ಮೊದಲ ಪುಟಕ್ಕೆ ಅರಿಸಿನ ಕುಂಕುಮಗಳನ್ನು ಹಚ್ಚಿ, ಸಂವತ್ಸರದ ಹೆಸರನ್ನು ಬರೆದು ದೇವರ ಮುಂದಿಡುವುದು ನಮ್ಮ ಮನೆಯಲ್ಲಿ ಮೂರು ತಲೆಗಳಿಂದ ನಡೆದುಬಂದಿರುವ ಪದ್ಧತಿ. ನಮ್ಮ ತಾತಂದಿರು ಅದನ್ನು ಕಿರ್ದಿಯೆಂದು ಕರೆಯುತ್ತಿದ್ದರು. ಹಾಲು, ಸೊಪ್ಪು, ಸೀಗೆಕಾಯಿ, ಮಕ್ಕಳ ಶಾಲೆಯ ಫೀಜು, ಮನೆಗೆಲಸದವರ ಸಂಬಳ ಇವೇ ಅದರಲ್ಲಿರುವ ವಿಷಯಗಳು. ಹೊರಗಿನವರು ಓದಿದರೆ ಅದರಲ್ಲಿ ರುಚಿಯೇನೂ ಕಾಣದು. ಆದರೆ ಒಂದು ಕುಟುಂಬವು ಯಾವುದನ್ನು ದೊಡ್ಡದೆಂದೆಣಿಸಿತು, ಯಾವುದನ್ನು ಚಿಕ್ಕದೆಂದು ಕೈಬಿಟ್ಟಿತು ಎಂಬುದಕ್ಕೆ ಅದಕ್ಕಿಂತ ನಿಜವಾದ ಸಾಕ್ಷಿಯು ಮತ್ತೊಂದಿಲ್ಲ.

ಈ ಸಲ ಹಬ್ಬಕ್ಕೆಂದು ಅಟ್ಟವನ್ನು ಗುಡಿಸುವಾಗ ಹಳೆಯ ಪುಸ್ತಕಗಳ ಕಟ್ಟಿನೊಳಗಿಂದ ಶಾರ್ವರಿ ಸಂವತ್ಸರದ ಕಿರ್ದಿಯು ನಮ್ಮ ಕೈಗೆ ಬಂದಿತು. ಶಾರ್ವರಿಯೆಂದರೆ ರಾತ್ರಿ. ಅರುವತ್ತು ಸಂವತ್ಸರಗಳ ಚಕ್ರದಲ್ಲಿ ಮೂವತ್ತನಾಲ್ಕನೆಯದಾದ ಈ ಹೆಸರು ಶಾಲಿವಾಹನ ಶಕ ೧೯೪೨ಕ್ಕೆ, ಎಂದರೆ ೨೦೨೦ನೆಯ ಮಾರ್ಚಿ ೨೫ರಿಂದ ೨೦೨೧ನೆಯ ಏಪ್ರಿಲ್ ೧೨ರವರೆಗಿನ ಕಾಲಕ್ಕೆ ಬಂದಿತ್ತು. ಆ ವರ್ಷ ಅಧಿಕ ಆಶ್ವಯುಜವೂ ಸೇರಿ ಹದಿಮೂರು ತಿಂಗಳಾಗಿದ್ದುವು. ಹೆಸರಿನ ದೆಸೆಯಿಂದ ರೋಗವು ಬಂದಿತೆಂದು ಹೇಳುವವರು ನಾವಲ್ಲ. ಆದರೂ ರಾತ್ರಿಯೆಂಬ ಹೆಸರಿನ ವರ್ಷವು ಮಾಮೂಲಿಗಿಂತ ಒಂದು ತಿಂಗಳು ಉದ್ದವಾಗಿತ್ತೆಂಬುದನ್ನು ಈಗ ನೆನೆದರೆ ಮನಸ್ಸು ಒಂದು ಗಳಿಗೆ ಸುಮ್ಮನಾಗುವುದು.

ಪುಟಗಳನ್ನು ತಿರುವುತ್ತ ಹೋದಂತೆ ನಮಗೆ ಎರಡು ಸಂಗತಿಗಳು ಹೊಳೆದುವು. ಆ ವರ್ಷ ನಾವು ಬರೆದಿಟ್ಟ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪು ಒಂದೂ ಇರಲಿಲ್ಲ. ಆದರೂ ಒಟ್ಟು ಲೆಕ್ಕವು ತಪ್ಪಾಗಿತ್ತು. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ತಮ್ಮ ಮನೆಯ ಪುಸ್ತಕಗಳಲ್ಲಿಯೂ ಇಂಥ ಪುಟಗಳಿದ್ದರೆ ಅವರು ನಮ್ಮನ್ನು ಕ್ಷಮಿಸಿಯಾರೆಂದು ನಂಬಿದ್ದೇವೆ.

ಹಬ್ಬದ ದಿನ ಮುಚ್ಚಿದ ಬಾಗಿಲು

೨೦೧೯ನೆಯ ಡಿಸೆಂಬರಿನಲ್ಲಿ ಚೀನಾ ದೇಶದ ವೂಹಾನ್ ನಗರದಲ್ಲಿ ಈ ಜ್ವರವು ಕಾಣಿಸಿಕೊಂಡಿತೆಂಬ ಸುದ್ದಿಯು, ಮೊದಮೊದಲು ನಮಗೆ ಬೆಳಗಿನ ಕಾಫಿಯೊಡನೆ ಓದಿ ಮರೆಯುವ ದೂರದೇಶದ ಸಮಾಚಾರವಾಗಿತ್ತು. ೨೦೨೦ನೆಯ ಜನವರಿ ೩೦ರಂದು ನೆರೆಯ ಕೇರಳದಲ್ಲಿ ಭಾರತದ ಮೊದಲನೆಯ ರೋಗಿಯು ಪತ್ತೆಯಾದಾಗಲೂ ನಾವು ಎಚ್ಚರಗೊಳ್ಳಲಿಲ್ಲ. ಮಾರ್ಚಿ ೧೧ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಲೋಕವ್ಯಾಪಿಯಾದ ಸಾಂಕ್ರಾಮಿಕವೆಂದು ಸಾರಿತು. ಅದರ ಹಿಂದಿನ ದಿನ ನಮ್ಮ ಕಲಬುರಗಿಯಲ್ಲಿ ತೀರಿಕೊಂಡಿದ್ದ ವೃದ್ಧರೊಬ್ಬರದೇ ಈ ರೋಗದಿಂದ ಇಡೀ ದೇಶದಲ್ಲಾದ ಮೊದಲನೆಯ ಮರಣವೆಂದು ಪರೀಕ್ಷೆಯಿಂದ ತಿಳಿದುಬಂದಾಗ, ದೂರದ ಸುದ್ದಿಯು ಮನೆಯ ಸುದ್ದಿಯಾಯಿತು.

ಮಾರ್ಚಿ ೨೪, ಫಾಲ್ಗುಣದ ಅಮಾವಾಸ್ಯೆ. ಮರುದಿನದ ಹಬ್ಬಕ್ಕೆ ಮಾವಿನ ಸೊಪ್ಪು, ಬೇವಿನ ಹೂವು ತಂದಾಗಿತ್ತು. ಹೋಳಿಗೆಗೆಂದು ಬೇಳೆಯನ್ನು ಅಳೆದಿಟ್ಟಾಗಿತ್ತು. ರಾತ್ರಿ ಎಂಟು ಘಂಟೆಗೆ ಪ್ರಧಾನಮಂತ್ರಿಗಳು ಮಾತನಾಡಿ, ಅಂದಿನ ನಡುರಾತ್ರಿಯಿಂದ ಇಪ್ಪತ್ತೊಂದು ದಿನ ದೇಶದಲ್ಲಿ ಯಾರೂ ಮನೆಯಿಂದ ಹೊರಗೆ ಬರಕೂಡದೆಂದು ತಿಳಿಸಿದರು. ನಮಗೆ ದೊರೆತ ಅವಧಿ ನಾಲ್ಕು ಘಂಟೆ. ನಮ್ಮ ಮೈಸೂರಿನ ಬೀದಿಯಲ್ಲಿ ಆ ನಾಲ್ಕು ಘಂಟೆಗಳ ಕಾಲ ಕಿರಾಣಿ ಅಂಗಡಿಯ ಮುಂದೆ ನೆರೆದಿದ್ದ ಗುಂಪನ್ನು ಕಂಡರೆ, ರೋಗವನ್ನು ದೂರವಿಡುವುದಕ್ಕೆಂದೇ ಜನರು ಒಬ್ಬರಮೇಲೊಬ್ಬರು ಬಿದ್ದಂತಿತ್ತು. ಆ ಗುಂಪಿನಲ್ಲಿ ನಾವೂ ಇದ್ದೆವು. ಕಿರ್ದಿಯಲ್ಲಿ ಅದರ ಗುರುತಿದೆ: ಅಕ್ಕಿ ಇಪ್ಪತ್ತೈದು ಕಿಲೋ, ತೊಗರಿಬೇಳೆ ಐದು ಕಿಲೋ, ಎಣ್ಣೆ, ಸಕ್ಕರೆ, ಬೆಂಕಿಪೊಟ್ಟಣ.

ಯುಗಾದಿಯ ಮರುದಿನವನ್ನು ನಮ್ಮ ಸೀಮೆಯಲ್ಲಿ ವರ್ಷತೊಡಕೆಂದು ಕರೆಯುವರು. ಆ ದಿನ ಮಾಡಿದ್ದು ವರ್ಷವೆಲ್ಲಾ ನಡೆಯುವುದೆಂದು ಹಿರಿಯರ ನಂಬಿಕೆ. ಆದ್ದರಿಂದಲೇ ಅಂದು ಮಕ್ಕಳನ್ನು ಅಳಿಸುವುದಿಲ್ಲ, ಸಾಲ ತರುವುದಿಲ್ಲ. ಆ ವರ್ಷತೊಡಕಿನಂದು ನಾವು ಮಾಡಿದ್ದೇನು? ಬಾಗಿಲಿಗೆ ಅಗಳಿ ಹಾಕಿ, ಕಿಟಕಿಯಿಂದ ಬರಿದಾದ ಬೀದಿಯನ್ನು ನೋಡಿದೆವು. ಇಪ್ಪತ್ತೊಂದು ದಿನವೆಂದದ್ದು ಮೇ ೩ರವರೆಗೆ, ಆಮೇಲೆ ೧೭ರವರೆಗೆ, ಕೊನೆಗೆ ೩೧ರವರೆಗೆ ಬೆಳೆಯಿತು. ತಿಂಗಳ ಕೊನೆಗೆ ನಂಜನಗೂಡಿನ ಔಷಧದ ಕಾರ್ಖಾನೆಯೊಂದರ ನೌಕರರಲ್ಲಿ ರೋಗವು ಕಾಣಿಸಿಕೊಂಡಮೇಲೆ ಮೈಸೂರಿನವರ ಭಯವು ಇಮ್ಮಡಿಯಾಯಿತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿಯು ನಮ್ಮೂರಿನಲ್ಲಿಯೇ ತಯಾರಾಗತಕ್ಕದ್ದು. ಮನೆಯಲ್ಲೇ ಬೇರೆಯಾಗಿರಬೇಕೆಂದು ವಿಧಿಸಲ್ಪಟ್ಟವರ ಕೈಗೆ ಮುದ್ರೆಯೊತ್ತಲು ಅದನ್ನು ಬಳಸಬಹುದೆಂದು ಚುನಾವಣಾ ಆಯೋಗವು ಆ ಮಾರ್ಚಿಯಲ್ಲಿಯೇ ಅನುಮತಿಯಿತ್ತಿತು. ಪ್ರಜೆಯ ಹಕ್ಕಿನ ಗುರುತಾಗಿದ್ದ ಶಾಯಿಯು ಹೀಗೆ ಭಯದ ಗುರುತೂ ಆಯಿತು.

ಅದೇ ದಿನಗಳಲ್ಲಿ ದೊಡ್ಡ ನಗರಗಳಿಂದ ಕೂಲಿಕಾರರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ನೂರಾರು ಮೈಲಿಗಳಾಚೆಯ ತಮ್ಮ ಊರುಗಳಿಗೆ ನಡೆದುಹೊರಟರು. ಅವರಿಗಾಗಿ ವಿಶೇಷ ರೈಲುಗಳು ಹೊರಟದ್ದು ಮೇ ೧ರಿಂದ. ನಾವು ಮನೆಯೊಳಗೆ ಕುಳಿತು ದೂರದರ್ಶನದಲ್ಲಿ ಮರಳಿ ಬಿತ್ತರಿಸಲ್ಪಟ್ಟ ರಾಮಾಯಣವನ್ನು ನೋಡಿ, ರಾಮನ ವನವಾಸಕ್ಕೆ ಕಣ್ಣೀರಿಟ್ಟೆವು. ಹೆದ್ದಾರಿಯಲ್ಲಿ ನಡೆಯುತ್ತಿದ್ದವರದೂ ವನವಾಸವೆಂಬುದು ನಮ್ಮ ಮನಸ್ಸಿಗೆ ತಟ್ಟಿದ್ದು ಬಹಳ ತಡವಾಗಿ.

ಹಿಂದಿನವರು ಕಂಡದ್ದು

ಇಂಥ ಕಾಲವನ್ನು ನಮ್ಮ ನಾಡು ಮೊದಲ ಸಲ ಕಂಡದ್ದೇನೂ ಅಲ್ಲ. ೧೮೯೮ನೆಯ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಅಲ್ಲಿಂದ ಮುಂದೆ ಎಷ್ಟೋ ವರ್ಷಗಳ ಕಾಲ ಮೈಸೂರು ಸೀಮೆಯ ಊರುಗಳನ್ನು ಬಿಟ್ಟೂ ಬಿಟ್ಟೂ ಕಾಡಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನರು ಪಾತ್ರೆಪಡಗಗಳನ್ನು ಗಾಡಿಗೆ ಹೇರಿ ಊರ ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತಿದ್ದರು. ೧೯೧೮ರಲ್ಲಿ ಬಂದ ಇನ್‌ಫ್ಲುಯೆಂಜಾ ಜ್ವರವು ಅದಕ್ಕಿಂತಲೂ ಘೋರವಾದದ್ದು. ಮುಂಬಯಿಯ ಬಂದರಿನಿಂದ ಒಳನಾಡಿಗೆ ಹರಡಿ, ಕೆಲವೇ ತಿಂಗಳುಗಳಲ್ಲಿ ಹಿಂದೂಸ್ಥಾನದಲ್ಲಿ ಒಂದು ಕೋಟಿಗೂ ಮಿಕ್ಕ ಜನರನ್ನು ಅದು ಕೊಂಡೊಯ್ದಿತು. ೧೯೨೧ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯು ಹತ್ತು ವರ್ಷಗಳ ಹಿಂದಿನದಕ್ಕಿಂತ ಕಡಮೆಯಾಗಿ ಕಂಡುಬಂದುದಕ್ಕೆ ಮುಖ್ಯವಾದ ಕಾರಣವು ಅದೇ.

ನಮ್ಮ ಅಜ್ಜಿಯವರು ಆ ಕಾಲವನ್ನು ಕಣ್ಣಾರೆ ಕಂಡವರು. ನಾವು ಚಿಕ್ಕವರಾಗಿದ್ದಾಗ, ಗುಡಿಸಲಿನಲ್ಲಿ ಕಳೆದ ದಿನಗಳ ಕಥೆಯನ್ನು ಅನ್ನ ಕಲಸಿ ಕೈತುತ್ತು ಹಾಕುತ್ತ ಹೇಳುತ್ತಿದ್ದರು. ಅದರಲ್ಲೊಂದು ಮಾತು ಮಾತ್ರ ನಮಗೆ ಆಗ ಅರ್ಥವಾಗಿರಲಿಲ್ಲ. “ಬೇನೆ ಬಂದಾಗ ಎಲ್ಲರೂ ಓಡಿಹೋದರು, ಮಗು. ಅದೇನೂ ದೊಡ್ಡ ಮಾತಲ್ಲ. ಹಿಂದಿರುಗಿ ಬರುವುದರಲ್ಲಿ ಅವಸರಪಟ್ಟವರೇ ಹೆಚ್ಚಾಗಿ ಹೋದರು” ಎನ್ನುತ್ತಿದ್ದರು. ಹೊಲದ ಬಿಸಿಲಿಗೂ ಮಳೆಗೂ ಬೇಸತ್ತು, ಸೂತಕವಾಗಲಿ ಹಬ್ಬವಾಗಲಿ ಏನಾದರೊಂದು ನೆವದಿಂದ ಮುಂಚಿತವಾಗಿಯೇ ಬೀಗ ತೆಗೆದ ಮನೆಗಳಲ್ಲಿ ಮತ್ತೆ ಅಳು ಕೇಳಿಬರುತ್ತಿತ್ತಂತೆ.

ಪ್ಲೇಗು ಒಂದು ಒಳ್ಳೆಯದನ್ನೂ ಬಿಟ್ಟುಹೋಯಿತು. ಇಕ್ಕಟ್ಟಾದ ಕೇರಿಗಳೂ ಬೆಳಕಿಲ್ಲದ ಮನೆಗಳೂ ರೋಗದ ತೌರೆಂದು ಕಂಡುಕೊಂಡ ಮೈಸೂರು ಸರ್ಕಾರವು ೧೯೦೩ರಲ್ಲಿ ನಮ್ಮ ನಗರಕ್ಕೆ ಅಭಿವೃದ್ಧಿ ಟ್ರಸ್ಟ್ ಬೋರ್ಡನ್ನು ಸ್ಥಾಪಿಸಿತು. ಅಗಲವಾದ ರಸ್ತೆಗಳೂ, ಹೊಸ ಬಡಾವಣೆಗಳೂ, ಮನೆಗಳ ಹಿಂಬದಿಯಲ್ಲಿ ಇಂದಿಗೂ ಕಾಣುವ ಕನ್ಸರ್ವೆನ್ಸಿ ಓಣಿಗಳೂ ಆ ಕಾಲದ ಯೋಚನೆಯ ಫಲಗಳು. ಸತ್ತವರನ್ನು ಲೆಕ್ಕಕ್ಕೆ ತಂದುಕೊಂಡವರು ಮಾತ್ರವೇ ಬದುಕುವವರಿಗೆ ಇಂಥ ಆಸ್ತಿಯನ್ನು ಬಿಟ್ಟುಹೋಗಬಲ್ಲರು.

ಆದರೆ ನಮ್ಮ ಕಾಲದ ರೋಗವು ಪ್ಲೇಗಿಗಿಂತ ಹೆಚ್ಚು ಮೋಸದ್ದಾಗಿತ್ತು. ಪ್ಲೇಗು ಇಲಿಯ ಚಿಗಟದಿಂದ ಬರತಕ್ಕದ್ದು. ಸತ್ತ ಇಲಿಯೇ ಡಂಗುರದವನಂತೆ ಮುಂಚಿತವಾಗಿ ಎಚ್ಚರಿಸುತ್ತಿತ್ತು. ಕೊರೊನಾ ಸೋಂಕಿಗೆ ಇಂಥ ಡಂಗುರವಿಲ್ಲ. ಜ್ವರ ಕೆಮ್ಮು ತೋರುವುದಕ್ಕೆ ಒಂದೆರಡು ದಿನ ಮೊದಲೇ ಮನುಷ್ಯನು ಅದನ್ನು ಇತರರಿಗೆ ಅಂಟಿಸಬಲ್ಲನು. ಕೆಲವರಲ್ಲಿ ಅದು ತೋರುವುದೇ ಇಲ್ಲ. ನಾವು ಸೊಪ್ಪನ್ನು ಸಾಬೂನಿನ ನೀರಿನಲ್ಲಿ ತೊಳೆದೆವು, ಹಾಲಿನ ಪೊಟ್ಟಣವನ್ನು ಬಿಸಿಲಿಗಿಟ್ಟೆವು, ವೃತ್ತಪತ್ರಿಕೆಯನ್ನು ನಿಲ್ಲಿಸಿದೆವು. ಮುಚ್ಚಿದ ಕೋಣೆಯ ಗಾಳಿಯಲ್ಲಿ ಉಸಿರಿನೊಡನೆ ತೇಲುವುದೇ ಅದರ ಮುಖ್ಯವಾದ ದಾರಿಯೆಂಬುದು ಕ್ರಮೇಣ ತಿಳಿದುಬಂದಿತು. ತೆರೆದ ಕಿಟಕಿಯು ಸಾಬೂನಿಗಿಂತ ಹೆಚ್ಚು ಕಾಪಾಡುತ್ತಿತ್ತು. ಆದರೆ ಭಯದಿಂದ ನಾವು ಮೊದಲು ಮುಚ್ಚಿದ್ದೇ ಕಿಟಕಿಗಳನ್ನು.

ಬರೆಯದೆ ಬಿಟ್ಟ ಬಾಕಿ

ಈಗ ಕಿರ್ದಿಗೆ ಮರಳೋಣ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದು, ಕಸ ಗುಡಿಸಿ, ಬಟ್ಟೆ ಒಗೆದುಕೊಡುವಾಕೆಯು ಹನ್ನೊಂದು ವರ್ಷಗಳಿಂದ ಬರುತ್ತಿದ್ದವಳು. ತಿಂಗಳಿಗೆ ಆಕೆಯ ಸಂಬಳ ೧೨೦೦ ರೂಪಾಯಿ. ಹಬ್ಬದ ಮುಂಜಾನೆ ಆಕೆ ಪೋಲೀಸರ ಕಣ್ಣು ತಪ್ಪಿಸಿ ಓಣಿಯ ದಾರಿಯಿಂದ ಬಂದಾಗ, ನಮ್ಮ ಮನೆಯಾಕೆಯು ಗೇಟನ್ನು ತೆರೆಯದೆಯೇ, “ಸದ್ಯಕ್ಕೆ ಬರಬೇಡಮ್ಮಾ, ಹೇಳಿಕಳುಹಿಸುತ್ತೇವೆ” ಎಂದಳು. ಆ ಮಾತನ್ನು ಹೇಳಿಸಿದವರು ನಾವೇ.

ಏಪ್ರಿಲ್ ತಿಂಗಳ ಪುಟದಲ್ಲಿ ಆಕೆಯ ಸಂಬಳ ೧೨೦೦ ಎಂದು ಬರೆದಿದೆ. ಮೇ ತಿಂಗಳಲ್ಲಿ ೬೦೦. ಜೂನ್‌ನಿಂದ ಮುಂದಕ್ಕೆ ಆ ಸಾಲೇ ಇಲ್ಲ. ಕೆಲಸ ಮಾಡದವರಿಗೆ ಸಂಬಳವೇಕೆಂದು ನಾವು ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳಿದ್ದರೆ ನಾಚಿಕೆಯಾದರೂ ಆಗುತ್ತಿತ್ತು. ಸಾಲನ್ನು ಬರೆಯದೆ ಬಿಟ್ಟೆವು, ಅಷ್ಟೆ. ಅದೇ ಜೂನ್ ತಿಂಗಳ ಪುಟದ ಕೆಳಗೆ ನಮ್ಮ ಮೊಮ್ಮಗನ ಆನ್‌ಲೈನ್ ಪಾಠಕ್ಕೆಂದು ಮೊಬೈಲು, ೧೧೦೦೦ ರೂಪಾಯಿ ಎಂದು ದುಂಡಾದ ಅಕ್ಷರಗಳಲ್ಲಿ ಬರೆದಿದೆ. ಒಂದೇ ಪುಟ. ಬರೆದುದು ಮೇಲೆಯೂ ಕೆಳಗೆಯೂ ಇದೆ, ಬರೆಯದೆ ಬಿಟ್ಟುದು ನಡುವೆ ಇದೆ.

ಆಕೆಗೂ ಒಬ್ಬ ಮಗಳು. ಆ ವರ್ಷ ಎಸ್‌.ಎಸ್‌.ಎಲ್‌.ಸಿ. ಪರೀಕ್ಷೆಗೆ ಕುಳಿತವಳು. ಮಾರ್ಚಿಯಲ್ಲಿ ನಿಂತುಹೋಗಿದ್ದ ಪರೀಕ್ಷೆಯನ್ನು ಕರ್ನಾಟಕದಲ್ಲಿ ಜೂನ್ ೨೫ರಿಂದ ನಡೆಸಿದುದು ವಾಚಕರ ನೆನಪಿನಲ್ಲಿರಬಹುದು. ಎಂಟು ಲಕ್ಷಕ್ಕೂ ಮಿಕ್ಕ ಮಕ್ಕಳು ಮುಖಗವಸು ಧರಿಸಿ, ಬಾಗಿಲಲ್ಲಿ ಮೈಯ ಬಿಸಿಯನ್ನು ಅಳೆಯಿಸಿಕೊಂಡು, ದೂರದೂರ ಕುಳಿತು ಬರೆದರು. ಆಗಸ್ಟ್ ೧೦ರಂದು ಫಲಿತಾಂಶವು ಹೊರಬಿದ್ದಾಗ ಆ ಹುಡುಗಿಯು ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದಳು. ಕಾಲೇಜು ತೆರೆದದ್ದು ಮೊಬೈಲಿನ ಪರದೆಯಲ್ಲಿ. ಅವಳ ಮನೆಯಲ್ಲಿ ಅಂಥ ಮೊಬೈಲು ಇರಲಿಲ್ಲ. ಗಾರೆ ಕೆಲಸದ ತಂದೆಗೆ ಮಾರ್ಚಿಯಿಂದ ಕೂಲಿಯಿಲ್ಲ. ತಾಯಿಯು ಕೆಲಸಕ್ಕೆ ಹೋಗುತ್ತಿದ್ದ ನಾಲ್ಕು ಮನೆಗಳಲ್ಲಿ ನಾಲ್ಕೂ ಬಾಗಿಲು ಹಾಕಿದ್ದುವು. ಆಕೆಯ ಕಿವಿಯ ಓಲೆ ಗಿರವಿಯಂಗಡಿಗೆ ಹೋಯಿತು. ಹುಡುಗಿಯು ಸಿದ್ಧ ಉಡುಪಿನ ಕಾರ್ಖಾನೆಗೆ ಹೋದಳು.

ಶಾಲೆಯ ಬಾಗಿಲು ಮುಚ್ಚಿದ್ದ ಆ ತಿಂಗಳುಗಳಲ್ಲಿ ಸರ್ಕಾರವು ವಿದ್ಯಾಗಮವೆಂಬ ಏರ್ಪಾಟಿನಿಂದ ಉಪಾಧ್ಯಾಯರನ್ನು ಮಕ್ಕಳಿದ್ದಲ್ಲಿಗೇ ಕಳುಹಿಸಿತು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮರದ ನೆರಳು ಇವೇ ತರಗತಿಗಳಾದುವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತು, ೨೦೨೧ನೆಯ ಜನವರಿ ೧ರಿಂದ ಮರಳಿ ಪ್ರಾರಂಭವಾಯಿತು. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಮಕ್ಕಳು ಶಾಲೆಯ ಗಂಟೆಯನ್ನು ಮತ್ತೆ ಕೇಳಿದುದು ಅಂದೇ. ಆದರೆ ಒಮ್ಮೆ ಕಾರ್ಖಾನೆಯ ಗಂಟೆಗೆ ಏಳಲು ಕಲಿತ ಮಕ್ಕಳೆಲ್ಲರೂ ಶಾಲೆಯ ಗಂಟೆಗೆ ಮರಳಲಿಲ್ಲ.

ಇದೆಲ್ಲವೂ ನಮಗೆ ತಿಳಿದದ್ದು ದೀಪಾವಳಿಯ ಹೊತ್ತಿಗೆ, ಆಕೆಯನ್ನು ಕೆಲಸಕ್ಕೆ ಮರಳಿ ಕರೆದಾಗ. ಆಕೆ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಕಿವಿಯಲ್ಲಿ ಓಲೆಯ ಬದಲು ಹಂಚಿಕಡ್ಡಿಯಿತ್ತು. ನಮ್ಮ ಮನೆಯಾಕೆಯು ಅದನ್ನು ನೋಡಿ, ನಮ್ಮನ್ನು ನೋಡಿ, ಒಳಗೆ ಹೋಗಿ ಕಿರ್ದಿಯನ್ನು ತಂದಳು. ಮೇ ತಿಂಗಳಲ್ಲಿ ಹಿಡಿದ ೬೦೦, ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ತಿಂಗಳ ೬೦೦೦, ಒಟ್ಟು ೬೬೦೦ ರೂಪಾಯಿಗಳನ್ನು ಎಣಿಸಿ ಆಕೆಯ ಕೈಯಲ್ಲಿಟ್ಟೆವು. ಆಕೆಯು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, “ಈಗ ಕೊಟ್ರೆ ಬ್ಯಾಡ ಅನ್ನಲ್ಲ ಅಮ್ಮಾವ್ರೆ. ಆದ್ರೆ ಬೇಕಾಗಿದ್ದು ಆಗ” ಎಂದು ಹೇಳಿ, ಪಾತ್ರೆಯ ರಾಶಿಯ ಮುಂದೆ ಕುಳಿತಳು.

ಕಿರ್ದಿಯಲ್ಲಿ ಅಂದಿನ ತಾರೀಖಿಗೆ ೬೬೦೦ ಎಂದು ಬರೆದು ಬಾಕಿ ತೀರಿತೆಂದು ಗೆರೆಯೆಳೆದಿದ್ದೇವೆ. ಆದರೆ ಆ ಹುಡುಗಿಯ ಓದು ಮರಳಿ ಹಿಡಿಯಲಿಲ್ಲ. ನಾವು ಅನಂತರ ಎರಡು ಸಲ ಹೇಳಿನೋಡಿದೆವು. ಮನೆಯ ಸಾಲವು ಅವಳ ಸಂಬಳದಿಂದ ತೀರುತ್ತಿರುವಾಗ ಪುಸ್ತಕದ ಮಾತು ಅವಳ ಕಿವಿಗೆ ದೊಡ್ಡವರ ಉಪದೇಶದಂತೆ ಕೇಳಿಸಿದ್ದರೆ ಅದರಲ್ಲಿ ಆಶ್ಚರ್ಯವೇನು? ಕೆಲವು ಬಾಕಿಗಳು ಹಣದಿಂದ ಹುಟ್ಟಿದರೂ ಹಣದಿಂದ ತೀರತಕ್ಕವಲ್ಲ. ಕಾಲಕ್ಕೆ ಕೊಡದ ಹಣವು ಬೇರೆ ಯಾವುದೋ ರೂಪವಾಗಿ ಹೊರಟುಹೋಗಿರುತ್ತದೆ.

ಬಾಗಿಲಿಗೆ ಬಂದವರು

ಕಿರ್ದಿಯಲ್ಲಿ ಎಲ್ಲಿಯೂ ಹೆಸರಿಲ್ಲದ ಇನ್ನೊಬ್ಬರನ್ನು ಇಲ್ಲಿ ನೆನೆಯದೆ ಇರಲಾರೆವು. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿ ಗುಲಾಬಿ ಬಣ್ಣದ ಸೀರೆಯನ್ನುಟ್ಟ ಆಶಾ ಕಾರ್ಯಕರ್ತೆಯೊಬ್ಬರು ಪಟ್ಟಿಯನ್ನು ಹಿಡಿದು ಬೀದಿಯ ಪ್ರತಿಯೊಂದು ಮನೆಯ ಮುಂದೆಯೂ ನಿಂತು, “ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಇದೆಯಾ? ಹೊರಗಿನಿಂದ ಯಾರಾದರೂ ಬಂದಿದ್ದಾರಾ?” ಎಂದು ಕೇಳುತ್ತಿದ್ದರು. ನಾವು ಕಿಟಕಿಯ ಸಂದಿಯಿಂದ ‘ಇಲ್ಲ, ಇಲ್ಲ’ ಎಂದು ಕೈಯಾಡಿಸಿದೆವು. ಕುಡಿಯಲು ನೀರು ಬೇಕೆ ಎಂದು ಕೇಳಲಿಲ್ಲ. ರೋಗವನ್ನು ಹುಡುಕುತ್ತ ಬಂದವರನ್ನೇ ರೋಗವೆಂದು ಬಗೆದೆವು.

ಇಂಥ ಹೆಂಗಸರು ನಮ್ಮ ರಾಜ್ಯದಲ್ಲಿ ಸುಮಾರು ೪೨೦೦೦ ಮಂದಿ. ತಿಂಗಳಿಗೆ ೧೨೦೦೦ ರೂಪಾಯಿಗಳ ಗೌರವಧನವನ್ನು ಖಚಿತಪಡಿಸಬೇಕೆಂದು ಅವರು ಆ ಜುಲೈ ತಿಂಗಳಲ್ಲಿ ಮುಷ್ಕರವನ್ನೇ ಹೂಡಬೇಕಾಯಿತು. ಚಪ್ಪಾಳೆ ತಟ್ಟಿ, ದೀಪ ಹಚ್ಚಿ ಗೌರವಿಸಿದ ನಾವು ಗೌರವಧನದ ಮಾತು ಬಂದಾಗ ಪತ್ರಿಕೆಯ ಪುಟವನ್ನು ತಿರುವಿದೆವು. ೨೦೨೨ನೆಯ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಪುರಸ್ಕಾರವನ್ನಿತ್ತಾಗ, ಜಿನೀವಾದಲ್ಲಿ ಕುಳಿತವರಿಗೆ ಕಂಡದ್ದು ನಮ್ಮ ಕಿಟಕಿಯಿಂದ ಏಕೆ ಕಾಣಲಿಲ್ಲವೆಂದು ನಾಚಿಕೊಂಡೆವು.

ಅವಸರದಿಂದ ಮುಚ್ಚಿದ ಪುಸ್ತಕ

ಅಕ್ಟೋಬರಿನಲ್ಲಿ ದಸರಾ ಬಂದಿತು. ಜಂಬೂಸವಾರಿಯು ಬೀದಿಗೆ ಬರದೆ ಅರಮನೆಯ ಆವರಣದೊಳಗೆ ಮಾತ್ರ ಸಾಗಿತು. ಅಭಿಮನ್ಯುವೆಂಬ ಆನೆಯು ಮೊದಲ ಸಲ ಚಿನ್ನದ ಅಂಬಾರಿಯನ್ನು ಹೊತ್ತಿತು. ಮೈಸೂರಿನವರಾದ ನಾವೂ ಅದನ್ನು ದೂರದರ್ಶನದಲ್ಲಿ ನೋಡಿದೆವು. ಡಿಸೆಂಬರಿನ ಕೊನೆಗೆ ಕರ್ನಾಟಕದಲ್ಲಿ ರೋಗಕ್ಕೆ ಸಿಕ್ಕಿದವರ ಸಂಖ್ಯೆ ೯ ಲಕ್ಷವನ್ನೂ, ಮರಣಗಳ ಸಂಖ್ಯೆ ೧೨ ಸಾವಿರವನ್ನೂ ದಾಟಿದ್ದುವು. ಆದರೆ ದಿನದಿನಕ್ಕೂ ಹೊಸ ರೋಗಿಗಳು ಕಡಮೆಯಾಗುತ್ತ ಬಂದರು. ೨೦೨೧ನೆಯ ಜನವರಿ ೧೬ರಿಂದ ಲಸಿಕೆಯೂ ಪ್ರಾರಂಭವಾಯಿತು. ಮದುವೆಯ ಛತ್ರಗಳು ತೆರೆದುವು. ಗಲ್ಲಕ್ಕೆ ಇಳಿದ ಮುಖಗವಸು ಅಲ್ಲಿಂದ ಜೇಬಿಗೆ ಇಳಿಯಿತು.

ಶಾರ್ವರಿಯ ಕಿರ್ದಿಯ ಕೊನೆಯ ಪುಟದಲ್ಲಿ ಲೆಕ್ಕದ ಕೆಳಗೆ ನಮ್ಮ ಕೈಬರಹದಲ್ಲಿ ಒಂದು ಸಾಲಿದೆ: ‘ಶಾರ್ವರಿ ಮುಗಿಯಿತು, ರೋಗವೂ ಮುಗಿದಂತೆ.’ ಮರುದಿನ, ಏಪ್ರಿಲ್ ೧೩ರಂದು, ಪ್ಲವ ಸಂವತ್ಸರದ ಯುಗಾದಿ. ಪ್ಲವವೆಂದರೆ ದೋಣಿ. ರಾತ್ರಿ ಕಳೆದು ದೋಣಿ ಬಂದಿತೆಂದು ನಾವು ಬಂಧುಗಳಿಗೆಲ್ಲಾ ದೂರವಾಣಿಯಲ್ಲಿ ಹಾಸ್ಯಮಾಡಿ, ಊಟಕ್ಕೆ ಕರೆದೆವು. ಮೈಸೂರೂ ಸೇರಿದಂತೆ ಕೆಲವು ನಗರಗಳಲ್ಲಿ ಏಪ್ರಿಲ್ ೧೦ರಿಂದಲೇ ರಾತ್ರಿಯ ನಿರ್ಬಂಧವು ಜಾರಿಯಲ್ಲಿತ್ತು. ನಿರ್ಬಂಧವಿರುವುದು ರಾತ್ರಿಗೆ, ನಮ್ಮ ಊಟ ಮಧ್ಯಾಹ್ನಕ್ಕೆ ಎಂದು ಸಮಾಧಾನ ಹೇಳಿಕೊಂಡೆವು. ಇಪ್ಪತ್ತೆರಡು ಮಂದಿ ನಡುಮನೆಯಲ್ಲಿ ಎಲೆ ಹಾಕಿಕೊಂಡು ಕುಳಿತರು. ಬರುವುದಿಲ್ಲವೆಂದು ಎರಡು ಸಲ ಹೇಳಿದ್ದ ನಮ್ಮ ಭಾವನವರನ್ನು, “ಇನ್ನೆಷ್ಟು ದಿನ ಹೆದರಿಕೊಂಡು ಕೂರುತ್ತೀರಿ ಭಾವ, ಬನ್ನಿ” ಎಂದು ಬಲವಂತ ಮಾಡಿದವರು ನಾವು.

ಮೇ ತಿಂಗಳ ಮೊದಲ ವಾರದಲ್ಲಿ ಅವರು ತೀರಿಕೊಂಡರು. ರೋಗವು ನಮ್ಮ ಮನೆಯಲ್ಲಿಯೇ ತಗುಲಿತೆಂದು ಹೇಳಲು ಸಾಕ್ಷ್ಯವಿಲ್ಲ. ಇಲ್ಲವೆಂದು ಹೇಳಲು ನಮಗೆ ಧೈರ್ಯವಿಲ್ಲ. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದವರನ್ನು ನಮ್ಮ ಅಕ್ಕನವರು ಒಂದು ಸಲವಾದರೂ ನೋಡಲಿಲ್ಲ. ಅವರೂ ಜ್ವರದಿಂದ ಮನೆಯಲ್ಲಿ ಬೇರೆಯಾಗಿದ್ದರು. ಅಡಿಯಿಂದ ಮುಡಿಯವರೆಗೆ ಬಿಳಿಯ ಕವಚವನ್ನು ತೊಟ್ಟ ನಾಲ್ವರು ಯುವಕರು ಅವರ ದೇಹವನ್ನು ಹೊತ್ತು ಚಿತೆಯ ಮೇಲಿಟ್ಟರು. ಅವರ ಹೆಸರು ನಮಗೆ ತಿಳಿಯ���ು, ಜಾತಿಮತಗಳೂ ತಿಳಿಯವು. ಮಗನು ಮಾಡತಕ್ಕ ಕೆಲಸವನ್ನು ಅವರು ಮಾಡಿ, ಕೈತೊಳೆದುಕೊಂಡು, ಮುಂದಿನವರನ್ನು ಹೊರಲು ಹೋದರು.

ಆ ದಿನಗಳ ಭಾರವನ್ನು ಹೊತ್ತದ್ದು ನಮ್ಮ ಮನೆಯೊಂದೇ ಅಲ್ಲ. ಮೇ ೫ರಂದು ಒಂದೇ ದಿನ ಕರ್ನಾಟಕದಲ್ಲಿ ೫೦೧೧೨ ಮಂದಿ ಹೊಸ ರೋಗಿಗಳು ಲೆಕ್ಕಕ್ಕೆ ಬಂದರು. ನೆರೆಯ ಚಾಮರಾಜನಗರ ಜಿಲ್ಲೆಯ ಕಥೆಯನ್ನು ನೆನೆಯಬೇಕು. ೨೦೨೦ನೆಯ ಜೂನ್ ತಿಂಗಳ ಮೊದಲ ವಾರದವರೆಗೂ ಅಲ್ಲಿ ಒಬ್ಬ ರೋಗಿಯೂ ಇರಲಿಲ್ಲವೆಂದು ರಾಜ್ಯವೆಲ್ಲಾ ಹೊಗಳಿತ್ತು. ಅದೇ ಊರಿನಲ್ಲಿ ೨೦೨೧ನೆಯ ಮೇ ತಿಂಗಳ ೨ ಮತ್ತು ೩ರ ನಡುವೆ ಆಮ್ಲಜನಕದ ಅಭಾವವಾದ ರಾತ್ರಿಯ ಹಿಂದುಮುಂದಿನಲ್ಲಿ ೨೪ ಮಂದಿ ರೋಗಿಗಳು ಅಸುನೀಗಿದರು. ಜೂನ್ ತಿಂಗಳ ಆರಂಭದಲ್ಲಿ, ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಕೊಂಡೊಯ್ಯದೆ ಉಳಿದಿದ್ದ ೫೦೦ಕ್ಕೂ ಹೆಚ್ಚು ಮಂದಿಯ ಚಿತಾಭಸ್ಮವನ್ನು ಸರ್ಕಾರದವರೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟರು. ಸರ್ಕಾರವು ನಿಂತು ಪಿಂಡವಿಟ್ಟ ಆ ದಿನ ನದಿಯು ಎಷ್ಟು ಮನೆಗಳ ಹೆಸರಿಲ್ಲದ ಬಾಕಿಯನ್ನು ಹೊತ್ತು ಸಾಗಿತೋ!

ಶಿಲ್ಕು

೨೦೨೩ನೆಯ ಮೇ ೫ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಸ್ಥಿತಿಯು ಮುಗಿಯಿತೆಂದು ಸಾರಿತು. ನಮ್ಮ ರಾಜ್ಯದಲ್ಲಿ ಸರ್ಕಾರದ ಲೆಕ್ಕದಂತೆ ೪೦ ಸಾವಿರಕ್ಕೂ ಮಿಕ್ಕು, ದೇಶದಲ್ಲಿ ೫ ಲಕ್ಷಕ್ಕೂ ಮಿಕ್ಕು ಜನರು ಈ ರೋಗದಿಂದ ಹೋದರು. ೨೦೨೦ ಮತ್ತು ೨೦೨೧ರಲ್ಲಿ ದೇಶದಲ್ಲಿ ಹೆಚ್ಚಾಗಿ ಸಂಭವಿಸಿದ ಮರಣಗಳು ಸುಮಾರು ೪೭ ಲಕ್ಷವೆಂದು ಆ ಸಂಸ್ಥೆಯು ಅಂದಾಜುಮಾಡಿತು. ನಮ್ಮ ಸರ್ಕಾರವು ಅದನ್ನು ಒಪ್ಪಲಿಲ್ಲ. ದೊಡ್ಡವರ ಪುಸ್ತಕಗಳು ಹೀಗೆ ಒಂದಕ್ಕೊಂದು ತಾಳೆಯಾಗದಿದ್ದರೂ, ಪ್ರತಿಯೊಂದು ಮನೆಯೂ ತನ್ನ ಪುಟವನ್ನು ನಿಜವಾಗಿ ಬರೆದಿಡುವುದಕ್ಕೆ ಅಡ್ಡಿಯೇನಿದೆ?

ಆದ್ದರಿಂದ ಈ ಯುಗಾದಿಗೆ ನಾವು ಶಾರ್ವರಿಯ ಪುಸ್ತಕವನ್ನು ಮತ್ತೆ ತೆರೆದು ಬರೆದೆವು. ಕೊನೆಯ ಪುಟದ ‘ರೋಗವೂ ಮುಗಿದಂತೆ’ ಎಂಬ ಮಾತನ್ನು ಅಳಿಸಲಿಲ್ಲ. ತಪ್ಪು ಲೆಕ್ಕವನ್ನು ಅಳಿಸುವುದು ಕಿರ್ದಿಯ ಧರ್ಮವಲ್ಲವೆಂದು ತಾತಂದಿರು ಹೇಳುತ್ತಿದ್ದರು. ಅದರ ಕೆಳಗೆ ಭಾವನವರ ಹೆಸರನ್ನೂ ತೀರಿಕೊಂಡ ದಿನವನ್ನೂ ಬರೆದೆವು. ‘ಹೆಸರು ತಿಳಿಯದ ನಾಲ್ವರಿಗೆ ಋಣ’ ಎಂದೊಂದು ಸಾಲು. ‘ಬಿಸಿಲಿನಲ್ಲಿ ನಿಂತಿದ್ದವರಿಗೆ ಒಂದು ಲೋಟ ನೀರು, ಬಾಕಿ’ ಎಂದು ಇನ್ನೊಂದು ಸಾಲು. ಜೂನ್ ತಿಂಗಳ ಪುಟದಲ್ಲಿ, ಮೊಬೈಲಿನ ೧೧೦೦೦ದ ಪಕ್ಕದಲ್ಲಿ, ‘ಒಬ್ಬ ಹುಡುಗಿಯ ಓದು’ ಎಂದು ಬರೆದು ಮುಂದಿನ ಅಂಕಣವನ್ನು ಬರಿದಾಗಿ ಬಿಟ್ಟೆವು. ಅಲ್ಲಿ ಯಾವ ಅಂಕಿಯನ್ನು ಬರೆಯಬೇಕೋ ನಮಗೆ ತೋಚಲಿಲ್ಲ.

ವಾಚಕರಿಗೆ ಉಪದೇಶ ಮಾಡುವ ಅಧಿಕಾರವು ನಮಗಿಲ್ಲ. ನಾವು ಕಂಡುಕೊಂಡ ಎರಡು ಮಾತುಗಳನ್ನು ಮಾತ್ರ ಹೇಳುತ್ತೇವೆ. ಕಷ್ಟಕಾಲದಲ್ಲಿ ಮನೆಯನ್ನು ಕಾಯುವುದು ಉಗ್ರಾಣದಲ್ಲಿ ಕೂಡಿಟ್ಟ ಅಕ್ಕಿ ಬೇಳೆಗಳಿಗಿಂತ ಹೆಚ್ಚಾಗಿ ಮನೆಯ ಹೊರಗಿರುವ ಕೈಗಳು. ಆ ಕೈಗಳಿಗೆ ಸಲ್ಲತಕ್ಕದ್ದನ್ನು ಕಷ್ಟಕಾಲದಲ್ಲಿಯೇ ಸಲ್ಲಿಸಬೇಕು. ಎರಡನೆಯದು ನಮ್ಮ ಅಜ್ಜಿಯವರು ಹೇಳಿದ್ದೇ: ರೋಗಕ್ಕೆ ಹೆದರುವುದರಲ್ಲಿ ನಾಚಿಕೆಯಿಲ್ಲ, ಅದು ಹೋಯಿತೆಂದು ನಂಬುವುದರಲ್ಲಿ ಅವಸರ ಕೂಡದು. ಜ್ವರವಿದ್ದಾಗ ಔತಣಕ್ಕೆ ಹೋಗದಿರುವುದು, ವೃದ್ಧರಿರುವ ಕೋಣೆಯ ಕಿಟಕಿಯನ್ನು ತೆರೆದಿಡುವುದು, ಬರುವುದಿಲ್ಲವೆಂದವರನ್ನು ಬಲವಂತ ಮಾಡದಿರುವುದು ಇವು ಚಿಕ್ಕ ಸಂಗತಿಗಳು. ಒಬ್ಬರ ಪ್ರಾಣವು ಇಷ್ಟು ಚಿಕ್ಕ ಸಂಗತಿಯ ಮೇಲೆಯೇ ನಿಂತಿರಬಹುದೆಂದು ನಾವು ಬಲ್ಲೆವು.

ಹೊಸ ಕಿರ್ದಿಯ ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿಯಾಯಿತು. ಪ್ರತಿ ವರ್ಷವೂ ಮೊದಲನೆಯ ಸಾಲಿನಲ್ಲಿ ಹಬ್ಬದ ಬೆಲ್ಲದ ಕ್ರಯವಿರುತ್ತಿತ್ತು. ಈ ಸಲ ನಮ್ಮ ಮನೆಯಾಕೆಯು ಬೆಲ್ಲವನ್ನು ಎರಡನೆಯ ಸಾಲಿಗೆ ಇಳಿಸಿ, ಮೊದಲನೆಯದರಲ್ಲಿ ಹೀಗೆ ಬರೆದಿದ್ದಾಳೆ: ‘ಮನೆಗೆಲಸದಾಕೆಯ ಸಂಬಳ, ಬಂದರೂ ಬಾರದಿದ್ದರೂ.’